ಮೊಮ್ಮಗಳಿಗೆ ಎರೆದು ಬಂದ ದಿನ

ಸಾದಲಿಯಲ್ಲಿ ಮೊದಲ ಬಸ್ಸು ಹತ್ತಿದಾಗ ಹಿಪ್ಪುನೇರಳೆ ತೋಟಗಳ ಮೇಲೆ ಇನ್ನೂ ಮಂಜಿತ್ತು. ಗೌರಿಬಿದನೂರಿನಲ್ಲಿ ಮಗಳು ಸುಧಾ ಹೆತ್ತು ಹದಿನೆಂಟು ದಿನವಾಗಿತ್ತು. ಬಾಣಂತನ ತವರಿನಲ್ಲಾಗಬೇಕು; ನಮ್ಮೂರಿನಲ್ಲಿ ಮಲೇರಿಯಾ ಎದ್ದಿದ್ದರಿಂದ ಬೀಗಿತ್ತಿ ಕಳಿಸಲಿಲ್ಲ. ನನಗೂ ಜ್ವರ ಬಂದು, ಮಾತ್ರೆ ನುಂಗಿದ ಮೇಲೆ ಇಳಿದಿತ್ತು. ಒಂದು ತಿಂಗಳಾದರೂ ಅಲ್ಲಿದ್ದು ಮೊಮ್ಮಗಳಿಗೆ ಎರೆಯಬೇಕೆಂದು ಬಟ್ಟೆ ಗಂಟು ಕಟ್ಟಿ ಹೊರಟಿದ್ದೆ.

ಬಸ್ಸಿನಲ್ಲಿ ಕ್ಯಾಸೆಟ್ಟಿನ ತೆಲುಗು ಹಾಡು. “ಏನಜ್ಜಿ, ಮನೇನೇ ಕಿತ್ಕೊಂಡು ಹೊರಟ್ಯಾ?” ಎಂದ ಕಂಡಕ್ಟರು.

“ನಿನ್ನ ಬಸ್ಸಿಗಿಂತ ಈ ಗಂಟೇ ಗಟ್ಟಿಯಾಗೈತೆ, ಹೋಗಪ್ಪ.”

ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ಚಿಕ್ಕಬಳ್ಳಾಪುರದಲ್ಲಿಳಿದು ಇಡ್ಲಿ ತಿಂದು, ಮಲೇರಿಯಾ ಕಚೇರಿಗೆ ಹೋದೆ. ಜ್ವರ ಬಿಟ್ಟ ಮೇಲೆ ಅಲ್ಲಿಯವರು ಊರಿಗೆ ಬಂದು ನನ್ನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗಿದ್ದರು; ಅದರಲ್ಲೇನು ಕಂಡಿತೆಂದು ಕೇಳಬೇಕಿತ್ತು.

“ಅಮ್ಮ, ಕ್ರಿಮಿ ಇನ್ನೂ ಐತೆ,” ಎಂದರು ರಕ್ತ ನೋಡುವವರು.

“ಜ್ವರ ಇಲ್ವಲ್ಲಪ್ಪ.”

“ಜ್ವರ ಇಳೀತು, ಕ್ರಿಮಿ ಆ ಮಾತ್ರೆಗೆ ಬಗ್ಗಲಿಲ್ಲ. ನಿಮ್ಮನ್ನ ಕಚ್ಚಿದ ಸೊಳ್ಳೆ ಅದನ್ನೇ ಹೊತ್ಕೊಂಡು ಹೋಗಿ ಇನ್ನೊಬ್ಬರಿಗೆ ಬಿಡುತ್ತೆ. ಅವರಿಗೂ ಆ ಮಾತ್ರೆ ಹಿಡಿಯಲ್ಲ.”

ರೇಷ್ಮೆ ಹುಳು ಸಾಕುವ ನನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಟುರೋಗ ತಗುಲಿದ ರೇಷ್ಮೆ ಚಿಟ್ಟೆಯೂ ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಮೊಟ್ಟೆ ತಂದರೆ ರೋಗವೂ ಜೊತೆಗೇ ಬಂದು ಹುಳುವೆಲ್ಲ ಹಾಳು. ಅವರು ಬೇರೆ ಮಾತ್ರೆ ಕೊಟ್ಟರು. ಮೊಮ್ಮಗಳಿಗೆ ಎರೆಯಲು ಹೊರಟಿದ್ದೇನೆಂದೆ. ಮತ್ತೊಮ್ಮೆ ರಕ್ತ ನೋಡುವವರೆಗೆ ಕತ್ತಲಾದ ಮೇಲೆ ಕೂಸಿನ ಮನೆಯಲ್ಲಿರಬೇಡಿ ಎಂದರು.

“ಹಗಲು?”

“ಹಗಲು ಪರವಾಗಿಲ್ಲ. ಈ ಸೊಳ್ಳೆ ಕಚ್ಚೋದು ಸಂಜೆ ಮೇಲೆ.”

ಮಂಚೇನಹಳ್ಳಿ ದಾಟಿ ಗೌರಿಬಿದನೂರು ಸೇರುವಾಗ ಮಧ್ಯಾಹ್ನ. ಬಸ್ ನಿಲ್ಲುವ ಜಾಗದ ಎದುರೇ ಸುಧಾಳ ಮನೆ. ಬೀಗಿತ್ತಿ ಒಳ್ಳೆಯವಳು, ನಾನು ಬರುತ್ತೇನೆಂದು ನೀರು ಕಾಯಿಸಿಟ್ಟಿದ್ದಳು. ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡೆ. ಬೆನ್ನು ನನ್ನ ಅಂಗೈಯಷ್ಟೇ. ಮೊದಲು ಅತ್ತಿತು, ಬಿಸಿನೀರು ಬಿದ್ದ ಮೇಲೆ ಸುಮ್ಮನಾಯಿತು. ಸಾಕು ಬಿಡಿ ಎಂದು ಬೀಗಿತ್ತಿ ಎರಡು ಸಲ ಹೇಳಿದರೂ ಇನ್ನೊಂದು ಚೊಂಬು ಎರೆದೆ.

ನಾಲ್ಕಕ್ಕೆ ಗಂಟು ಎತ್ತಿಕೊಂಡಾಗ ಸುಧಾ ಮುಖ ಊದಿಸಿದಳು. “ಬಾಣಂತನಕ್ಕೆ ಕಳಿಸಲಿಲ್ಲ ಅಂತ ಸಿಟ್ಟೇನಮ್ಮ?”

“ಸಿಟ್ಟೂ ಇಲ್ಲ, ಸೊಟ್ಟೂ ಇಲ್ಲ ಕಣೇ. ನನ್ನ ರಕ್ತದಲ್ಲಿ ಕ್ರಿಮಿ ಐತೆ. ರಾತ್ರಿ ಇದ್ರೆ ಸೊಳ್ಳೆ ಕೂಸಿಗೆ ಮುಟ್ಟಿಸುತ್ತೆ.”

“ಪರದೆ ಕಟ್ತೀನಿ, ಇರಮ್ಮ.”

“ಪರದೇಲಿ ತೂತಿದ್ರೆ? ಇರಬೇಕು ಅಂತ ನನಗಿಲ್ವಾ?”

ಗಂಟು ಹೊತ್ತು ಬಸ್ಸು ಹತ್ತಿದೆ. ಬಸ್ಸು ಹೊರಟಾಗ ತಿರುಗಿ ನೋಡಿದರೆ, ಹಸಿ ಬಾಣಂತಿ, ತಲೆಗೆ ಬಟ್ಟೆಯೂ ಕಟ್ಟದೆ, ಕೂಸನ್ನು ಎತ್ತಿ ಹಿಡಿದು ಗಾಳಿಗೆ ನಿಂತಿದ್ದಳು. ಬೈಯಬೇಕೆಂದು ಕಿಟಕಿಯಿಂದ ತಲೆ ಹೊರಹಾಕಿದೆ. ಬೈಯಲಿಲ್ಲ. ಕಾಣುವಷ್ಟು ದೂರ ನೋಡಿದೆ.