ಎರಡು ಜಾಯಿಂಟಿನ ಕೆಲಸ

ಗಣೇಶಗುಡಿಯ ಆಚೆಗಿನ ಒಂದು ಹಳ್ಳಿಗೆ ನದಿಯಿಂದ ಕುಡಿಯುವ ನೀರು ತರುವ ಕೆಲಸಕ್ಕೆ ನಾನು ಎಂಜಿನಿಯರ್ ಆಗಿದ್ದೆ. ಯಾವ ಕೆಲಸ ಮೊದಲು, ಯಾವುದು ಯಾವುದಕ್ಕೆ ಕಾಯಬೇಕು ಎಂದು ಬರೆದ ದೊಡ್ಡ ಹಾಳೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿದ್ದೆ. ಪೈಪು ಬೆಸೆಯದೆ ನೀರು ಬಿಟ್ಟು ಸೋರಿಕೆ ನೋಡುವ ಪರೀಕ್ಷೆ ಇಲ್ಲ, ಪರೀಕ್ಷೆಯಾಗದೆ ಅಗೆದ ಕಾಲುವೆ ಮುಚ್ಚುವಂತಿಲ್ಲ, ಮಳೆ ಹಿಡಿದರೆ ಕಾಲುವೆ ತಾನೇ ಕುಸಿಯುತ್ತದೆ. ಆ ವರ್ಷದ ಮೊದಲಲ್ಲೇ ನನ್ನ ಗಂಡ ತೀರಿಕೊಂಡಿದ್ದರು. ಹಾಳೆ ನೋಡುತ್ತ ಕೂತರೆ ಬೇರೇನೂ ಯೋಚಿಸಬೇಕಾಗುತ್ತಿರಲಿಲ್ಲ.

ಪೈಪಿನ ತುದಿಗಳನ್ನು ಕಾಯಿಸಿ ಬೆಸೆಯಲು ಬರುತ್ತಿದ್ದುದು ಒಬ್ಬ ಫಿಟ್ಟರ್‌ಗೆ ಮಾತ್ರ. ಸನವಳ್ಳಿ ಎಂಬ ಊರಿನವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಮೇ ತಿಂಗಳ ಒಂದು ಬೆಳಿಗ್ಗೆ, ಫೋನ್ ಸಿಗುವ ಗುಡ್ಡದಿಂದ ಇಳಿದು ಬಂದು ನನ್ನೆದುರು ನಿಂತರು.

“ಮೇಡಮ್ರ, ನಮ್ಮವ್ವಗ ಭಾಳ ಆರಾಮಿಲ್ಲಂತ್ರಿ. ಈಗಿನ ಬಸ್ಸಿಗೆ ಹೋಗ್ಲೇನ್ರಿ?”

ನಾನು ಹಾಳೆ ನೋಡಿದೆ. “ಎಷ್ಟು ಜಾಯಿಂಟ್ ಉಳದಾವ್ರಿ?”

“ಎರಡ ರೀ.”

“ಅವೆರಡು ಮುಗಿಸಿ ಹೋಗ್ರಿ. ದಾಂಡೇಲಿಗೆ ಡೀಸೆಲ್ ತರಾಕ ಹೋದ ಜೀಪು ಮಧ್ಯಾಹ್ನ ಬರ್ತೈತಿ. ಅದರಾಗ ಊರತನಾ ಕಳಸ್ತೇನಿ.”

ಅವರು ತಲೆಯಾಡಿಸಿ ಕಾಲುವೆಗೆ ಇಳಿದರು. ಎರಡನೆಯ ಜಾಯಿಂಟ್ ಆರುವವರೆಗೂ ಪೈಪು ಅಲುಗದಂತೆ ಹಿಡಿದು ಕೂತಿದ್ದರು. ಜೀಪು ಹೊರಟಾಗ ನಾನು ಊಟ ಮಾಡುತ್ತಿದ್ದೆ. ಅವರು ಮನೆ ಮುಟ್ಟುವ ಅರ್ಧ ಗಂಟೆ ಮೊದಲು ತಾಯಿ ಹೋಗಿಬಿಟ್ಟಿದ್ದರು ಎಂದು ಡ್ರೈವರ್ ಬಂದು ಹೇಳಿದ. ನಾನು ಹಾಳೆಯಲ್ಲಿ ಆ ಎರಡು ಜಾಯಿಂಟ್‌ಗಳಿಗೆ ಗುರುತು ಹಾಕಿದೆ. ಅಳು ಬರಲಿಲ್ಲ.

ಮರುದಿನ ಆಗಬೇಕಿದ್ದ ಪರೀಕ್ಷೆ ಆಗಲಿಲ್ಲ. ನೀರೆತ್ತುವ ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ಕಂಬ ಬೇಕು. ಕಂಬಗಳು ಬಂದದ್ದು ಒಂಬತ್ತು ದಿನ ತಡವಾಗಿ. ಅಷ್ಟು ದಿನ ಆ ಜಾಯಿಂಟ್‌ಗಳು ಕಾಯಬಹುದಿತ್ತು. ಕಂಬ ಇನ್ನೂ ಬಂದಿಲ್ಲವೆಂಬ ಸಾಲು ಅದೇ ಹಾಳೆಯ ಕೆಳಗಿತ್ತು, ಅವತ್ತು ಬೆಳಿಗ್ಗೆ ನಾನು ಅಲ್ಲಿಯವರೆಗೆ ಕಣ್ಣು ಹಾಯಿಸಿರಲಿಲ್ಲ.

ಕರ್ಮ ಮುಗಿಸಿ, ತಲೆ ಬೋಳಿಸಿಕೊಂಡು ಅವರು ಮರಳಿದ ದಿನ ಹೇಳಿಬಿಟ್ಟೆ. “ಅವತ್ತ ನೀವು ಲಗೂನ ಹೋಗಬಹುದಿತ್ರಿ. ನಂದ ತಪ್ಪಾತು.”

“ಗೊತ್ತಿತ್ರಿ. ಕಂಬ ಬಂದಿದ್ದಿಲ್ಲಲ್ರಿ.”

“ಮತ್ತ ಯಾಕ ಹೇಳಲಿಲ್ರಿ?”

ಅವರು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು. “ನೀವು ಆಗ ಯಾರ ಮಾತೂ ಕೇಳೂವಂಗ ಇದ್ದಿದ್ದಿಲ್ರಿ.”

ಮಳೆಗೆ ಮೊದಲೇ ಹಳ್ಳಿಗೆ ನೀರು ಬಂತು. ಹೆಂಗಸರು ನಲ್ಲಿಗೆ ಕುಂಕುಮ ಹಚ್ಚಿ, ನನ್ನ ಕೈಗೊಂದು ತೆಂಗಿನಕಾಯಿ ಕೊಟ್ಟರು. ಒಡೆದೆ.