ಗ್ಲಫೀರಾಳ ಬಟ್ಟಲಿನ ಎಲೆ

ನಮ್ಮ ಓಣಿಯಲ್ಲಿ ಗ್ಲಫೀರಾಳಿಗೆ ಜಿಪುಣಿ ಎಂದೇ ಹೆಸರು. ಚಹಾಕ್ಕೆ ಕರೆಯುತ್ತಿದ್ದಳು, ಅಣಬೆಯ ಉಪ್ಪಿನಕಾಯಿಯನ್ನು ಜಾಡಿಗಟ್ಟಲೆ ಹಂಚುತ್ತಿದ್ದಳು. ಆದರೆ ಮೂವತ್ತು ವರ್ಷಗಳಲ್ಲಿ ಒಬ್ಬರಿಗೂ ಒಂದು ಸೌಟು ಸಾರು ಬಡಿಸಿದವಳಲ್ಲ. ಊಟದ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟಿದರೆ, "ಇನ್ನೂ ಬೆಂದಿಲ್ಲ ಕಣ್ರೀ" ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿಬಿಡುತ್ತಿದ್ದಳು. ಬೆಂದ ಎಲೆಕೋಸಿನ ವಾಸನೆ ಬೀದಿಯವರೆಗೆ ಬಂದಿರುತ್ತಿತ್ತು! ನಾನೂ ಎಲ್ಲರ ಜೊತೆ ಸೇರಿ ಮೂಗು ಮುರಿದವಳೇ. ಯುದ್ಧದ ನಾಲ್ಕು ವರ್ಷ ಅವಳ ಪಕ್ಕದಲ್ಲೇ ನಿಂತು ಕೆಲಸ ಮಾಡಿದ ನನಗಾದರೂ ತಿಳಿಯಬೇಕಿತ್ತು.

ನಮ್ಮದು ಕಾಮಾ ನದಿಯ ದಂಡೆಯ ಮಾಂಸದ ಡಬ್ಬಿಯ ಕಾರ್ಖಾನೆ. ಗಂಡಸರು ಯುದ್ಧಕ್ಕೆ ಹೋದ ಮೇಲೆ ಪೂರ್ತಿ ಹೆಂಗಸರದ್ದೇ ಆಯಿತು. ಖಾಲಿ ಡಬ್ಬಿಗಳು ಉರುಳುಪಟ್ಟಿಯ ಮೇಲೆ ಬರುತ್ತಿದ್ದವು. ಒಬ್ಬಳು ದನದ ಹಸಿ ಮಾಂಸ ತುಂಬುವಳು, ಇನ್ನೊಬ್ಬಳು ಕೊಬ್ಬು, ಮತ್ತೊಬ್ಬಳು ಈರುಳ್ಳಿ, ಉಪ್ಪು, ಮೆಣಸು. ಕೊನೆಗೆ ಗ್ಲಫೀರಾ ಒಂದು ಪಲಾವ್ ಎಲೆ ಇಡುವಳು. ಆಮೇಲೆ ನಾನು ಯಂತ್ರದ ಪೆಡಲ್ ಒತ್ತಿ ಮುಚ್ಚಳ ಕೂರಿಸುವೆ. ಅಲ್ಲಿಂದ ಹಬೆಯ ಹಂಡೆ, ಪೆಟ್ಟಿಗೆ, ರೈಲು. ದಿನವಿಡೀ ಮಾಂಸದ ವಾಸನೆಯಲ್ಲಿ ನಿಂತು ಮಧ್ಯಾಹ್ನ ಎಲೆಕೋಸಿನ ನೀರು ಕುಡಿಯುತ್ತಿದ್ದೆವು. ಒಂದು ಚೂರು ಬಾಯಿಗೆ ಹಾಕಿಕೊಂಡರೂ ಜೈಲು. ಹಸಿವು ಎಂಥದೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಮ್ಮ ಮೇಸ್ತ್ರಿ ಪ್ರೋಖೋರ್ ಮೊದಲ ಚಳಿಗಾಲದಲ್ಲೇ ಒಂದು ಕಾಲು ಕಳೆದುಕೊಂಡು ಯುದ್ಧದಿಂದ ಬಂದಿದ್ದ. ಮರದ ಕಾಲು ಟಕಟಕ ಬಡಿಯುತ್ತ ಓಡಾಡುವಾಗ ಅವನ ಬಾಯಿಯೂ ನಿಲ್ಲುತ್ತಿರಲಿಲ್ಲ.

"ನೋಡ್ರಮ್ಮಾ, ಅಲ್ಲಿ ಬೆಂಕಿ ಹಚ್ಚಿದ್ರೆ ಗುಂಡು ಬೀಳುತ್ತೆ. ಡಬ್ಬೀನ ಚಾಕುನಲ್ಲಿ ಸೀಳಿ ಹಂಗೇ ತಣ್ಣಗೆ ತಿನ್ಬೇಕು. ಡಬ್ಬಿ ಒಂದು, ಬಾಯಿ ನಾಲ್ಕು, ಎಲೆ ಒಂದೇ. ಎಲೆ ಯಾರ ಚಮಚಕ್ಕೆ ಬಂತೋ ಅವನಿಗೆ ಮನೆಯಿಂದ ಕಾಗದ. ಮಾಂಸ ಕಮ್ಮಿ ಆದ್ರೂ ಬೈಯಲ್ಲ ಅವ್ರು. ಎಲೆ ಇಲ್ದಿದ್ರೆ ಮಾತ್ರ ನಿಮ್ಮ ಏಳು ತಲೆಮಾರು ಜಾಲಾಡ್ತಾರೆ!"

ಎಲೆ ಬಂದವರಿಗೆ ಕಾಗದ ಬರುತ್ತದೆಂಬುದು ನಮ್ಮ ಮನೆಗಳಲ್ಲೂ ಅಜ್ಜಿಯರ ಕಾಲದಿಂದ ಇದ್ದ ಮಾತು. ನನಗಂತೂ ಇಂಥ ನಂಬಿಕೆಗಳೆಂದರೆ ಮೈ ಉರಿಯುತ್ತದೆ. ಗ್ಲಫೀರಾ ಕೂಡ ಆಗ ನಗುತ್ತಲೇ ಎಲೆ ಇಡುತ್ತಿದ್ದಳು.

ಅವಳ ಗಂಡ ಸವೇಲಿ ಉಗಿದೋಣಿಯಲ್ಲಿ ಕಲ್ಲಿದ್ದಲು ಹಾಕುವವನು. ಆ ಕೆಲಸದವರನ್ನು ಸೈನ್ಯಕ್ಕೆ ಎಳೆಯುತ್ತಿರಲಿಲ್ಲ. ಇವನು ತಾನಾಗಿಯೇ ಹೋಗಿ ಹೆಸರು ಬರೆಸಿ ಬಂದ. ಅವಳಿಗೆ ಕೆಂಡದಂಥ ಕೋಪ. "ನನ್ನನ್ನ ಒಂದ್ ಮಾತು ಕೇಳ್ಲಿಲ್ಲ ಅಲ್ವಾ? ಹೋಗು. ನನಗೆ ಕಾಗದ ಬರೀಬೇಡ, ನಾನೂ ಬರಿಯಲ್ಲ" ಎಂದವಳು ದೋಣಿಕಟ್ಟೆಗೂ ಹೋಗಲಿಲ್ಲ. ಅವನು ಬರೆದ, ಒಂದಲ್ಲ, ಮೂರು. ಮೂರನ್ನೂ ಓದಿ ಮಡಿಸಿಟ್ಟಳು, ಉತ್ತರ ಬರೆಯಲಿಲ್ಲ. ಇನ್ನೊಂದು ಸಲ ಬೇಡಿಕೊಳ್ಳಲಿ, ಆಮೇಲೆ ನೋಡೋಣ ಎಂಬ ಬಿಗುಮಾನ.

ನಾಲ್ಕನೆಯದು ಬಂದ ದಿನ ಊಟದ ಬಿಡುವಿನಲ್ಲಿ ಅದನ್ನು ನನ್ನ ಕೈಗೆ ತುರುಕಿದಳು. ಸವೇಲಿ ಅವಳ ಮುದ್ದಿನ ಹೆಸರು ಹಿಡಿದು ಬರೆದಿದ್ದ: "ಗ್ಲಾಶಾ, ಮೊನ್ನೆ ಡಬ್ಬಿಯ ಎಲೆ ನನಗೆ ಬಂತು. ಎಲ್ಲರೂ ಬೆನ್ನು ತಟ್ಟಿದರು. ಅಂಚೆಯವನು ಬಂದು ಉಳಿದ ಮೂವರಿಗೂ ಕಾಗದ ಕೊಟ್ಟ, ನನಗೆ ಕೊಡಲಿಲ್ಲ. ಹುಡುಗರು ನಕ್ಕರು, ನಾನೂ ನಕ್ಕೆ. ಎಲೆಯನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ. ನಿನ್ನ ಕಾಗದ ಬಂದ ಮೇಲೆ ಎಸೆಯುತ್ತೇನೆ."

"ಎಲೆ ಇಟ್ಟೋಳೂ ನಾನೇ, ಕಾಗದ ಬರೀದೇ ಇದ್ದೋಳೂ ನಾನೇ, ಫ್ಯೋಕ್ಲಾ" ಎಂದಳು.

"ಸುಮ್ನಿರೇ. ದೇಶದಲ್ಲಿ ಇನ್ನೆಷ್ಟು ಕಾರ್ಖಾನೆ ಇವೆ, ಅದು ನಿನ್ನ ಎಲೆನೇ ಅಂತ ಯಾರ್ ಹೇಳಿದ್ರು? ಅಳೋದ್ ಬಿಟ್ಟು ಬರಿ."

ಅವತ್ತೇ ಬರೆದಳು. ಆಮೇಲೆ ಪ್ರತಿ ಭಾನುವಾರ ಬರೆದಳು. ಉತ್ತರವಿಲ್ಲ. ಒಂದೊಂದು ಎಲೆಯನ್ನೂ ಮುರಿಯದಂತೆ ಎರಡು ಬೆರಳಲ್ಲಿ ಹಿಡಿದು ಇಡತೊಡಗಿದಳು. ಅವಳು ತಡಮಾಡಿದಾಗಲೆಲ್ಲ ನನ್ನ ಯಂತ್ರ ಸುಮ್ಮನೆ ನಿಲ್ಲುತ್ತಿತ್ತು, ನಾನು ಬೈಯುತ್ತಿದ್ದೆ.

ನದಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಅವಳ ಕಾಗದಗಳೇ ಕಟ್ಟಾಗಿ ಹಿಂದಿರುಗಿದವು. ಪ್ರತಿಯೊಂದರ ಮೇಲೂ "ವಿಳಾಸದಾರ ಇಲ್ಲಿಲ್ಲ" ಎಂಬ ಮುದ್ರೆ. ವಾರದ ನಂತರ ಸರ್ಕಾರದ ಚೀಟಿ ಬಂತು: ಸವೇಲಿ ಸುಳಿವಿಲ್ಲದೆ ಕಾಣೆಯಾಗಿದ್ದಾನೆ. ಸತ್ತನೆಂದಲ್ಲ, ಇದ್ದಾನೆಂದೂ ಅಲ್ಲ. ಅವಳು ಅಳಲಿಲ್ಲ. ಕಟ್ಟು ಬಿಚ್ಚಿ ನೋಡಿದಳು, ಮತ್ತೆ ನೋಡಿದಳು.

"ಬರೆದಿದ್ದು ಹನ್ನೊಂದು, ಬಂದಿದ್ದು ಹತ್ತು. ಮೊದಲನೇದು ಇಲ್ಲ ಕಣೇ! ಅದು ಅವನಿಗೆ ಸಿಕ್ಕಿದೆ. ಹಂಗಾದ್ರೆ ಉತ್ತರ ಬರೆದೇ ಬರೀತಾನೆ."

"ಅಂಚೆ ರೈಲಿಗೇ ಬಾಂಬ್ ಬಿದ್ದಿರ್ಬೋದು" ಎಂದೆ ನಾನು.

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಮೂವತ್ತು ವರ್ಷ ನನ್ನೆದುರು ಸವೇಲಿಯ ಹೆಸರೆತ್ತಲಿಲ್ಲ.

ಯುದ್ಧ ಮುಗಿಯಿತು. ನನ್ನ ಗಂಡ ಜೀವಂತ ಬಂದ, ಕುಡಿದು ಕುಡಿದು ಸತ್ತ. ಪ್ರೋಖೋರ್ ಎರಡು ಸಲ ಗ್ಲಫೀರಾಳನ್ನು ಮದುವೆಗೆ ಕೇಳಿದ. "ನನಗೊಂದು ಕಾಗದ ಬರೋದಿದೆ" ಎಂದಳಂತೆ. ಕೆಲಸ, ಮನೆ, ಸಾರು. ಆ ಮನೆಯ ಮೇಜಿನ ಮೇಲೆ ಒಂದು ಬಟ್ಟಲು, ಒಂದು ಚಮಚ.

ಒಂದು ಜನವರಿಯ ಮಧ್ಯಾಹ್ನ ಅವಳ ಗೇಟಿನ ಮುಂದೆಯೇ ಹಿಮದಲ್ಲಿ ಜಾರಿ ಬಿದ್ದು ಮಂಡಿ ತಿರುಚಿಕೊಂಡೆ. ಬೇರೆ ದಾರಿಯಿಲ್ಲದೆ ಒಳಗೆ ಕರೆದೊಯ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಏಳುವ ಸ್ಥಿತಿಯಲ್ಲಿರಲಿಲ್ಲ. ಎಷ್ಟು ಹೊತ್ತು ಮುಚ್ಚಿಡುತ್ತಾಳೆ? ಕೊನೆಗೆ ಕಪಾಟಿನಿಂದ ಇನ್ನೊಂದು ಬಟ್ಟಲು ತೆಗೆದು, ಧೂಳೊರೆಸಿ ಬಡಿಸಿದಳು. ಸೌಟು ಬಗ್ಗಿಸುವ ಮೊದಲು ಎರಡು ಸಲ ಹಿಂದಕ್ಕೆಳೆದಿದ್ದಳು. ಅಯ್ಯೋ ಜಿಪುಣಿ, ಇಷ್ಟು ಸಾರಿಗೆ ಇಷ್ಟು ಸಂಕಟವೇ ಎಂದುಕೊಂಡೆ.

ಕೂತವಳು ಉಣ್ಣಲಿಲ್ಲ. ಬಟ್ಟಲನ್ನು ಚಮಚದಿಂದ ಕೆದಕಿದಳು. ಎದ್ದು ಹೋಗಿ ಪಾತ್ರೆಯಲ್ಲೂ ಕೆದಕಿದಳು.

"ಏನ್ ಹುಡುಕ್ತಿದ್ದೀಯೇ?"

"ಎಲೆ." ನನ್ನ ಕಡೆ ತಿರುಗಲಿಲ್ಲ. "ನಗ್ಬೇಡ. ಇಷ್ಟು ವರ್ಷದಲ್ಲಿ ಒಂದ್ಸಲನೂ ತಪ್ಪಿಲ್ಲ, ನನಗೇ ಬಂದಿದೆ. ಒಬ್ಬಳೇ ಉಂಡ್ರೆ ಬೇರೆಯವರ ಪಾಲಾಗಲ್ಲ ನೋಡು. ಅದಕ್ಕೇ ಯಾರನ್ನೂ ಕೂರಿಸ್ತಿರ್ಲಿಲ್ಲ."

ಎಲೆ ನನ್ನ ಬಟ್ಟಲಲ್ಲಿತ್ತು, ಕೋಸಿನ ಚೂರಿನ ಕೆಳಗೆ. ಮೂವತ್ತು ವರ್ಷ ಇವಳು ಒಬ್ಬಳೇ ಉಂಡಿದ್ದಳು, ನಾವು ಬೀದಿಯಲ್ಲಿ ನಿಂತು ನಕ್ಕಿದ್ದೆವು.

"ಬ್ರೆಡ್ ಇಲ್ವಾ ನಿನ್ನ ಮನೇಲಿ? ಕರೆದಿದ್ದೀಯ, ಸರಿಯಾಗಿ ಬಡಿಸು!" ಎಂದು ಗದರಿದೆ. ಅವಳು ಬೆನ್ನು ತಿರುಗಿಸಿ ಬ್ರೆಡ್ ಕೊಯ್ಯುವಾಗ ಎಂಜಲು ಚಮಚದಿಂದಲೇ ಎಲೆಯೆತ್ತಿ ಅವಳ ಬಟ್ಟಲಿನ ತಳಕ್ಕೆ ಸೇರಿಸಿದೆ.

"ಫ್ಯೋಕ್ಲಾ! ಇಲ್ಲೇ ಇದೆ, ಅಡಿಯಲ್ಲಿ ಕೂತಿತ್ತು!" ಮುಖ ಹುಡುಗಿಯದಾಗಿತ್ತು. "ಇಬ್ಬರು ಉಂಡ್ರೂ ನನಗೇ ಬಂತು! ಇನ್ನೊಂದ್ ಸೌಟು ಹಾಕ್ಲಾ? ಭಾನುವಾರನೂ ಬಾ."

ಹೋದೆ. ಆರು ವರ್ಷ, ಪ್ರತಿ ಭಾನುವಾರ. ಎಲೆ ನನಗೆ ಬಂದಾಗಲೆಲ್ಲ ಉಪ್ಪು ಕೇಳಿದೆ, ಬ್ರೆಡ್ ಕೇಳಿದೆ, ಕಿಟಕಿಯಾಚೆ ಯಾರೋ ಹೋದರೆಂದೆ. ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಕಾಗದ ಬರಲಿಲ್ಲ. ಹೋದ ಶರತ್ಕಾಲದಲ್ಲಿ ಅವಳನ್ನು ಮಣ್ಣು ಮಾಡಿ ಬಂದೆವು.

ಈಗ ನಾನೂ ಸಾರಿಗೆ ಒಂದು ಎಲೆ ಹಾಕುತ್ತೇನೆ. ಅದು ನನಗೇ ಬರುತ್ತದೆ. ದಾಟಿಸೋಣವೆಂದರೆ ಎದುರಿಗೆ ಇನ್ನೊಂದು ಬಟ್ಟಲಿಲ್ಲ.