ಕಬ್ಬಿಣದ ದಾಸವಾಳಕ್ಕೆ ಮಾರಮ್ಮನ ಒಪ್ಪಿಗೆ

ಆಗ ನನಗೆ ಅರವತ್ತೆರಡು; ಇದಾಗಿ ನಾಲ್ಕು ವರ್ಷ. ಮುರಿದ ಕುಡುಗೋಲು ಕಾಯಿಸಿ ಬಡಿದು, ಕಬ್ಬಿಣದ ದಾಸವಾಳ ಮಾಡುವುದನ್ನು ನಾನೇ ಕಲಿತಿದ್ದೆ. ಹೆಂಗಸು ಕುಲುಮೆ ಹಚ್ಚಬಾರದೆಂದು ಊರ ಯಜಮಾನರು ತಗಾದೆ ತೆಗೆದರು. ಮಾರಮ್ಮನಲ್ಲಿ ಹೂ ಕೇಳುವುದೆಂದಾಯಿತು. ಮುಡಿಸಿದ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಕುಲುಮೆ ಆರಿಸಬೇಕು. ನಾನು ನನ್ನ ದಾಸವಾಳವನ್ನೇ ಕೊಟ್ಟೆ. ಪೂಜಾರಿ ಅದನ್ನು ಅಮ್ಮನ ತಲೆಯ ಮೇಲಿಟ್ಟು ಕೈ ತೆಗೆದದ್ದೇ ತಡ, ಠಣ್ಣೆಂದು ಬಲಕ್ಕೆ ಬಿತ್ತು, ಅವನ ಕಾಲಿನ ಹೆಬ್ಬೆರಳಿನ ಮೇಲೆ.

“ಅಯ್ಯಯ್ಯೋ! ಅಮ್ಮ ಇಷ್ಟು ಬಿರ್ರನೆ ಯಾವತ್ತೂ ಒಪ್ಪಿರ್ಲಿಲ್ಲ ಕಣ್ರೀ!” ಎಂದು ಕುಣಿದ.

ಸಂಜೆ ಯಜಮಾನರೇ ನನ್ನ ಮನೆಗೆ ಬಂದರು. “ಮಗಳ ಮದ್ವೆಗೆ ಮೂರ್ ಸಲ ಹೂ ಕೇಳಿದ್ರೂ ಅಮ್ಮ ಕೊಡ್ಲಿಲ್ಲ, ಹೂ ತಲೆ ಮೇಲಿಂದ ಅಲ್ಲಾಡ್ಲೇ ಇಲ್ಲ. ನಂಗೂ ಅಂಥದ್ದೊಂದು ಬಡ್ಕೊಡು ಕಣಕ್ಕ, ವಸಿ ತೂಕ ಇರ್ಲಿ.”

ಮರುದಿನ ಬೆಳಿಗ್ಗೆ ಕುಲುಮೆ ಹಚ್ಚಿ ಅರ್ಧ ಕೆ.ಜಿ.ಯ ದಾಸವಾಳ ಬಡಿದೆ.